ಚಾಟ್ನಿ ಬೇರೆ, ಬಳ್ಳಿಯೇ ಹೋಗುವುದು ಬೇರೆ

ಸಂಪಾದಕರಿಗೆ,

ಮಾನ್ಯರೆ,

ಗರ್ಭದಲ್ಲಿ ಮಿದುಳು ಬೆಳೆಯುವ ಬಗೆ ಕುರಿತು ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆವು. ನರಕೋಶಗಳು ಬೆಳೆಯುವ ಕಾಲದಲ್ಲೇ ರಾಶಿಗಟ್ಟಲೆ ಸಾಯುತ್ತವೆ, ಅದು ರೋಗವಲ್ಲ ಎಂಬ ವಿಷಯಕ್ಕೆ ಪತ್ರಿಕೆಯೊಂದು ಮುಕ್ಕಾಲು ಪುಟ ಕೊಟ್ಟದ್ದೇ ದೊಡ್ಡದು. ಬಿ.ಎಸ್ಸಿ. ಹುಡುಗರು ಆಗಲೇ ಅದನ್ನು ಕತ್ತರಿಸಿ ನೋಟ್ಸಿಗೆ ಅಂಟಿಸಿಕೊಂಡಿದ್ದಾರೆ. ಅದಕ್ಕೇ ಅದರೊಳಗಿನ ತಪ್ಪುಗಳು ಹಾಗೇ ಉಳಿಯಬಾರದು ಎಂದು ಈ ಪತ್ರ.

ಲೇಖಕರು ನಮ್ಮ ಭಾಗದ ದ್ರಾಕ್ಷಿ ಪಡದ ಹೋಲಿಕೆ ಕೊಟ್ಟಿದ್ದಾರೆ: ಬೆಳೆಗಾರ ಚಾಟ್ನಿ (ಬಳ್ಳಿಯ ಕಡ್ಡಿ ಸವರುವ ಕೆಲಸ) ಮಾಡಿದ ಹಾಗೆ ಮಿದುಳು ಬೇಡದ ಕೋಶಗಳನ್ನು ಕತ್ತರಿಸಿ ಹಾಕುತ್ತದೆ ಎಂದು. ಓದಲು ಸೊಗಸು, ಆದರೆ ಹೋಲಿಕೆ ಕೂತ ಜಾಗ ತಪ್ಪು. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟ್ನಿ ಮಾಡುವವನು ಕತ್ತರಿಸುವುದು ಕಡ್ಡಿಯನ್ನು. ಬೊಡ್ಡೆ, ಬೇರು ಹಾಗೇ ಇರುತ್ತವೆ. ಮಿದುಳಿನಲ್ಲಿ ಇದಕ್ಕೆ ಸರಿಹೊಂದುವುದು ನರಕೋಶದ ಕವಲುಗಳನ್ನೂ ಸಿನಾಪ್ಸ್ ಎಂಬ ಕೂಡುತಾಣಗಳನ್ನೂ ಕಡಿಮೆ ಮಾಡುವ ಕೆಲಸ. ಇಲಿಮರಿ ಹುಟ್ಟಿದಾಗ ಅದರ ಕಾಲಿನ ಒಂದೊಂದು ಸ್ನಾಯುನಾರಿನ ಮೇಲೂ ಹಲವು ನರಕೋಶಗಳ ತುದಿಗಳು ಬಂದು ಕೂತಿರುತ್ತವೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಒಂದು ನಾರಿಗೆ ಒಂದೇ ತುದಿ ಉಳಿಯುತ್ತದೆ. ಆದರೆ ಅದೇ ಅವಧಿಯಲ್ಲಿ ಮಿದುಳುಬಳ್ಳಿಯಲ್ಲಿ, ಅಂದರೆ ಬೆನ್ನುಹುರಿಯಲ್ಲಿ, ಇರುವ ಸ್ನಾಯು ನಡೆಸುವ ಚಾಲಕ ನರಕೋಶಗಳನ್ನು ಎಣಿಸಿದರೆ ಲೆಕ್ಕ ಇಳಿದಿರುವುದಿಲ್ಲ. ಇದು ಚಾಟ್ನಿ. ಸಾಯುವ ಕೋಶಗಳು ಸತ್ತು ಮುಗಿದದ್ದು ಅದಕ್ಕೂ ಮೊದಲು, ಮರಿ ತಾಯಿಯ ಹೊಟ್ಟೆಯಲ್ಲಿದ್ದಾಗ. ಅಲ್ಲಿ ಹೋದದ್ದು ಕಡ್ಡಿಯಲ್ಲ, ಬೇರುಸಮೇತ ಬಳ್ಳಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಹುಡುಗರು ಪರೀಕ್ಷೆಯಲ್ಲಿ ಮಾತ್ರವಲ್ಲ, ಮುಂದೆ ಸಂಶೋಧನಾ ಲೇಖನ ಓದುವಾಗಲೂ ಎಡವುತ್ತಾರೆ.

ಇನ್ನೊಂದು ಮಾತು, ಇದು ಹೆಚ್ಚು ಗಂಭೀರ. ‘ದುರ್ಬಲ, ದೋಷವುಳ್ಳ ಕೋಶಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ’ ಎಂದು ಲೇಖನ ಹೇಳುತ್ತದೆ. ಡಿಎನ್ಎ ಕೆಟ್ಟ ಕೋಶಗಳು ಸಾಯುವುದು ಉಂಟು, ನಿಜ. ಆದರೆ ಮಿದುಳುಬಳ್ಳಿಯಲ್ಲಿ, ನರಗಂಟುಗಳಲ್ಲಿ (ಮಿದುಳುಬಳ್ಳಿಯ ಹೊರಗೆ ನರಕೋಶಗಳು ಗುಂಪಾಗಿ ಕೂತ ಜಾಗಗಳಲ್ಲಿ) ಸಾವಿರಾರು ಲೆಕ್ಕದಲ್ಲಿ ಸಾಯುವವು ಕೆಟ್ಟ ಕೋಶಗಳಲ್ಲ. ಪಕ್ಕದಲ್ಲಿ ಉಳಿದ ಕೋಶದಷ್ಟೇ ಗಟ್ಟಿ, ಅದರಷ್ಟೇ ದೂರ ಆ್ಯಕ್ಸಾನ್ ಎಂಬ ಉದ್ದ ಎಳೆ ಚಾಚಿ ಸ್ನಾಯುವಿನ ತನಕ ಹೋಗಿ ಮುಟ್ಟಿದವೂ ಅವುಗಳಲ್ಲಿವೆ. ಹೋಲಿಕೆ ಬೇಕೇ ಬೇಕೆಂದರೆ ಚಾಟ್ನಿ ಬಿಟ್ಟು ಕಾಲುವೆ ನೋಡಬೇಕು. ಕೊನೆಯಂಚಿನ ಹೊಲದಲ್ಲಿ ಬೆಳೆ ಒಣಗಿದರೆ ಬೀಜ ಕೆಟ್ಟದ್ದಿತ್ತು ಅನ್ನುವುದಿಲ್ಲ, ನೀರು ಮುಟ್ಟಲಿಲ್ಲ ಅನ್ನುತ್ತೇವೆ.

ಈ ತಿಳಿವಳಿಕೆ ಬಂದ ದಾರಿಯನ್ನು ಲೇಖನ ಎರಡೇ ಸಾಲಿನಲ್ಲಿ ಮುಗಿಸಿದೆ. ಭ್ರೂಣಶಾಸ್ತ್ರಜ್ಞ ವಿಕ್ಟರ್ ಹ್ಯಾಂಬರ್ಗರ್ ಹೆಸರು ಬಂದಿದೆ, ಆದರೆ ಅವರು ಮೊದಲು ತಪ್ಪು ಉತ್ತರ ಕೊಟ್ಟಿದ್ದರು ಎಂಬುದು ಬಂದಿಲ್ಲ. 1934ರಲ್ಲಿ ಅವರು ಕೋಳಿ ಭ್ರೂಣದ ರೆಕ್ಕೆ ಮೊಗ್ಗನ್ನು ಕತ್ತರಿಸಿ ತೆಗೆದು, ಕೆಲವು ದಿನ ಬಿಟ್ಟು ನೋಡಿದರು. ಆ ಬದಿಯ ಮಿದುಳುಬಳ್ಳಿಯಲ್ಲೂ ನರಗಂಟಿನಲ್ಲೂ ಕೋಶಗಳು ಕಡಿಮೆ. ರೆಕ್ಕೆಯಿಂದ ಬರುವ ಯಾವುದೋ ಸಂದೇಶ ಹೊಸ ನರಕೋಶಗಳನ್ನು ಹುಟ್ಟಿಸುತ್ತದೆ, ರೆಕ್ಕೆ ಇಲ್ಲದ್ದಕ್ಕೆ ಅವು ಹುಟ್ಟಲೇ ಇಲ್ಲ ಎಂದು ಅವರು ತೀರ್ಮಾನಿಸಿದರು. ಇಟಲಿಯ ಟ್ಯೂರಿನ್‌ನಲ್ಲಿ ರೀಟಾ ಲೆವಿ-ಮೊಂಟಾಲ್ಚೀನಿ ಇದನ್ನೇ ಮತ್ತೆ ಮಾಡಿದರು. 1938ರ ಜನಾಂಗೀಯ ಕಾನೂನಿನಿಂದ ಯಹೂದಿಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಆಕೆಯ ಪ್ರಯೋಗಾಲಯ ಮಲಗುವ ಕೋಣೆಯೇ. ವ್ಯತ್ಯಾಸ ಇಷ್ಟೇ: ಆಕೆ ಕೊನೆಯ ದಿನ ಮಾತ್ರ ಎಣಿಸಲಿಲ್ಲ, ನಡುವಿನ ದಿನಗಳಲ್ಲೂ ಒಂದೊಂದು ಭ್ರೂಣ ತೆಗೆದು ಎಣಿಸಿದರು. ಆಗ ಗೊತ್ತಾಯಿತು, ಕೋಶಗಳು ಮೊದಲು ಸರಿಯಾಗಿಯೇ ಹುಟ್ಟುತ್ತವೆ, ಆ್ಯಕ್ಸಾನ್ ಚಾಚುತ್ತವೆ, ಆಮೇಲೆ ಸಾಯುತ್ತವೆ. ಗುರು ಜುಸೆಪ್ಪೆ ಲೆವಿ ಜೊತೆ 1942ರಲ್ಲಿ ಇದನ್ನು ಪ್ರಕಟಿಸಿದರು. ಬ್ಯಾಂಕಿನ ಖಾತೆಯಲ್ಲಿ ಕೊನೆಯ ಬಾಕಿ ಮಾತ್ರ ನೋಡಿದರೆ ಹಣ ಬಂದೇ ಇಲ್ಲವೋ, ಬಂದು ಖರ್ಚಾಯಿತೋ ತಿಳಿಯದು. ಪಾಸ್‌ಬುಕ್ಕಿನ ಸಾಲುಗಳನ್ನು ನೋಡಬೇಕು.

ಹ್ಯಾಂಬರ್ಗರ್ 1947ರಲ್ಲಿ ಆಕೆಯನ್ನು ಅಮೆರಿಕದ ಸೇಂಟ್ ಲೂಯಿಗೆ ಕರೆಸಿಕೊಂಡರು. ತಮ್ಮ ತೀರ್ಮಾನ ತಪ್ಪು ಎಂದು ಒಪ್ಪಿಕೊಂಡರು. ಇಬ್ಬರೂ ಸೇರಿ 1949ರಲ್ಲಿ ಇನ್ನೊಂದು ವಿಷಯ ತೋರಿಸಿದರು: ಚಾಕು ಮುಟ್ಟಿಸದ ಭ್ರೂಣದಲ್ಲೂ ಈ ಸಾವು ಇದೆ. ಕುತ್ತಿಗೆ ಮತ್ತು ಎದೆಯ ಮಟ್ಟದ ಸಂವೇದಿ (ಸ್ಪರ್ಶ, ನೋವು ತಿಳಿಸುವ) ನರಗಂಟುಗಳಲ್ಲಿ ನಾಲ್ಕೂವರೆಯಿಂದ ಏಳನೇ ದಿನದೊಳಗೆ ಬಹಳಷ್ಟು ಕೋಶಗಳು ಸಾಯುತ್ತವೆ. ರೆಕ್ಕೆ, ಕಾಲುಗಳ ಮಟ್ಟದ ಗಂಟುಗಳಲ್ಲಿ ಕಡಿಮೆ. ಅಲ್ಲಿ ತುಂಬಲು ದೊಡ್ಡ ಅವಯವ ಇದೆ, ಕುತ್ತಿಗೆ-ಎದೆಯ ಮಟ್ಟದಲ್ಲಿ ಇಲ್ಲ. ಮುಂದೆ ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಹ್ಯಾಂಬರ್ಗರ್ ಸೊಂಟದ ಮಟ್ಟದ ಚಾಲಕ ನರಕೋಶಗಳನ್ನು ಒಂದೊಂದಾಗಿ ಎಣಿಸಿ 1975ರಲ್ಲಿ ಲೆಕ್ಕ ಕೊಟ್ಟರು. ಆರನೇ ದಿನದ ಹೊತ್ತಿಗೆ ಸುಮಾರು 20,000 ಇದ್ದದ್ದು ಹತ್ತನೇ ದಿನ ಬರುವ ಮೊದಲೇ ಸುಮಾರು 12,000ಕ್ಕೆ ಇಳಿದಿತ್ತು, ಅಂದರೆ ಶೇ 40 ಹೋಯಿತು. ‘ಮಿದುಳಿನ ಅರ್ಧದಷ್ಟು ಕೋಶ’ ಎಂಬ ಲೇಖನದ ಮಾತು ಇಂಥ ಎಣಿಕೆಗಳನ್ನು ಎಳೆದು ಉದ್ದ ಮಾಡಿದ್ದು. ಯಾವ ಗುಂಪು, ಯಾವ ಪ್ರಾಣಿ ಎಂದು ಹೇಳದೆ ಶೇಕಡಾ ಹೇಳಿದರೆ ಅರ್ಥವಿಲ್ಲ. ಇಲಿಯ ಕಣ್ಣಿನ ರೆಟಿನಾದಿಂದ ಮಿದುಳಿಗೆ ಸಂದೇಶ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತವೆ; ಬೇರೆ ಕೆಲವು ಗುಂಪುಗಳಲ್ಲಿ ಸಾವು ಬಹಳ ಕಡಿಮೆ.

ಸಾಯುವವು ಕೆಟ್ಟ ಕೋಶಗಳಲ್ಲ ಎನ್ನುವುದಕ್ಕೆ ಗಟ್ಟಿ ಪುರಾವೆ ಇರುವುದು ಉಲ್ಟಾ ಪ್ರಯೋಗದಲ್ಲಿ. 1976ರಲ್ಲಿ ಮಾರ್ಗರೆಟ್ ಹಾಲಿಡೇ ಮತ್ತು ಹ್ಯಾಂಬರ್ಗರ್ ಭ್ರೂಣಕ್ಕೆ ಹೆಚ್ಚಿನದೊಂದು ಕಾಲಿನ ಮೊಗ್ಗು ಕಸಿ ಮಾಡಿದರು. ಆ ಬದಿಯಲ್ಲಿ ಸಾಯಬೇಕಿದ್ದ ಚಾಲಕ ಕೋಶಗಳಲ್ಲಿ ಒಂದು ಪಾಲು ಬದುಕಿತು. ಕೋಶ ಅವೇ, ಬದಲಾದದ್ದು ಸ್ನಾಯುವಿನ ಪ್ರಮಾಣ. ಕ್ಯುರಾರೆ ಕೊಟ್ಟು ಸ್ನಾಯು ಅಲುಗದಂತೆ ಮಾಡಿದರೂ, ಆ ಔಷಧ ಇರುವಷ್ಟು ದಿನ, ಸಾವು ನಿಲ್ಲುತ್ತದೆ. ಎಂದರೆ ಬದುಕು-ಸಾವಿನ ತೀರ್ಪು ಕೋಶದೊಳಗೆ ಮೊದಲೇ ಬರೆದಿಟ್ಟದ್ದಲ್ಲ. ಆಚೆ ತುದಿಯಲ್ಲಿ ಸ್ನಾಯು ಎಷ್ಟು ಇದೆ, ಅದು ಏನು ಮಾಡುತ್ತಿದೆ ಎಂಬುದರ ಮೇಲೆ ನಿಂತದ್ದು.

ಆ ತುದಿಯಿಂದ ಬರುವ ‘ನೀರು’ ಯಾವುದು ಎಂಬ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಎನ್‌ಜಿಎಫ್, ನರ ಬೆಳವಣಿಗೆಯ ಅಂಶ. ಇದರ ಕತೆ ಅರ್ಧ ಅದೃಷ್ಟದ್ದು. ಇಲಿಯ ಗೆಡ್ಡೆಯೊಂದರ ಚೂರನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿದರೆ ನರಗಂಟುಗಳು ಉಬ್ಬಿ ಬೆಳೆಯುತ್ತಿದ್ದವು. ಗೆಡ್ಡೆಯ ಸಾರದಲ್ಲಿ ಕೆಲಸ ಮಾಡುವುದು ನ್ಯೂಕ್ಲಿಕ್ ಆಮ್ಲವೋ ಪ್ರೋಟೀನೋ ಎಂದು ನೋಡಲು ಸ್ಟ್ಯಾನ್ಲಿ ಕೋಹೆನ್ ಅದಕ್ಕೆ ಹಾವಿನ ವಿಷ ಬೆರೆಸಿದರು. ನ್ಯೂಕ್ಲಿಕ್ ಆಮ್ಲ ಒಡೆಯುವ ಕಿಣ್ವ ಅದರಲ್ಲಿದೆ. ಪರಿಣಾಮ ಕಡಿಮೆಯಾಗುವ ಬದಲು ಏರಿತು. ವಿಷದಲ್ಲೇ ಆ ಅಂಶ ಗೆಡ್ಡೆಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಹಾವಿನ ವಿಷದ ಗ್ರಂಥಿ ಲಾಲಾಗ್ರಂಥಿಯ ಬಂಧು, ಹಾಗಾದರೆ ಇಲಿಯ ಲಾಲಾಗ್ರಂಥಿಯಲ್ಲಿ ನೋಡೋಣ ಎಂದು ಹೊರಟರು. ಗಂಡು ಇಲಿಯ ದವಡೆಯ ಕೆಳಗಿನ ಗ್ರಂಥಿಯಲ್ಲಿ ಅದು ರಾಶಿ ಸಿಕ್ಕಿತು. ಈ ಅಂಶದ ವಿರುದ್ಧದ ಪ್ರತಿಕಾಯವನ್ನು ಹುಟ್ಟಿದ ಇಲಿಮರಿಗೆ ಚುಚ್ಚಿದರೆ ಸಿಂಪಥೆಟಿಕ್ (ಹೃದಯ, ರಕ್ತನಾಳದಂಥ ತಾನಾಗಿ ನಡೆಯುವ ಅಂಗಗಳಿಗೆ ಹೋಗುವ) ನರಗಂಟುಗಳು ಹೆಚ್ಚುಕಡಿಮೆ ಮಾಯವಾಗುತ್ತವೆ. 1986ರಲ್ಲಿ ಲೆವಿ-ಮೊಂಟಾಲ್ಚೀನಿ, ಕೋಹೆನ್ ಇಬ್ಬರಿಗೆ ನೊಬೆಲ್ ಬಂತು. ಹ್ಯಾಂಬರ್ಗರ್‌ಗೆ ಬರಲಿಲ್ಲ, ಅದು ಸರಿಯಾಗಲಿಲ್ಲ ಎಂಬುದು ನಮ್ಮ ಅಭಿಪ್ರಾಯವೂ ಹೌದು.

ಲೇಖನ ಇಲ್ಲಿ ಮತ್ತೆ ಜಾರಿದೆ. ಎನ್‌ಜಿಎಫ್ ‘ಎಲ್ಲ ನರಕೋಶಗಳನ್ನೂ’ ಉಳಿಸುವುದಿಲ್ಲ. ಸಿಂಪಥೆಟಿಕ್ ಕೋಶಗಳು ಮತ್ತು ಸಂವೇದಿ ಕೋಶಗಳಲ್ಲಿ ಕೆಲವು, ಮುಖ್ಯವಾಗಿ ನೋವು ಹೊರುವವು, ಇದರ ಮೇಲೆ ನಿಂತಿವೆ. ಸ್ನಾಯು ನಡೆಸುವ ಚಾಲಕ ಕೋಶಗಳಿಗೆ ಇದು ಕೆಲಸಕ್ಕೆ ಬಾರದು. ಅವಕ್ಕೆ ಜಿಡಿಎನ್ಎಫ್, ಬಿಡಿಎನ್ಎಫ್ ಮುಂತಾದ ಬೇರೆ ಅಂಶಗಳಿವೆ. ಹಂದಿಯ ಮಿದುಳಿನಿಂದ ಬಿಡಿಎನ್ಎಫ್ ತೆಗೆದದ್ದು 1982ರಲ್ಲಿ. ಅಂಶ ಸಿಗದ ಕೋಶ ಸುಮ್ಮನೆ ಹಸಿದು ಸಾಯುತ್ತದೆ ಎಂಬುದೂ ಪೂರ್ತಿ ಸರಿಯಲ್ಲ. ತಟ್ಟೆಯಲ್ಲಿ ಬೆಳೆಸಿದ ಸಿಂಪಥೆಟಿಕ್ ಕೋಶಗಳಿಂದ ಎನ್‌ಜಿಎಫ್ ತೆಗೆದು, ಜೊತೆಗೇ ಪ್ರೋಟೀನ್ ತಯಾರಿಯನ್ನು ತಡೆಯುವ ಔಷಧ ಹಾಕಿದರೆ ಅವು ಸಾಯುವುದಿಲ್ಲ. ಸಾಯಲಿಕ್ಕೂ ಕೋಶ ಹೊಸದಾಗಿ ಏನನ್ನೋ ತಯಾರಿಸಬೇಕು. ಆಮೇಲಿನ ಸರಪಳಿ ಪಠ್ಯದಲ್ಲಿದೆ: ಬ್ಯಾಕ್ಸ್ ಪ್ರೋಟೀನ್ ಮೈಟೊಕಾಂಡ್ರಿಯಾಕ್ಕೆ ತೂತು ಮಾಡುತ್ತದೆ, ಸೈಟೊಕ್ರೋಮ್-ಸಿ ಸೋರುತ್ತದೆ, ಕೋಶದ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ: ಮೊದಲು ಕ್ಯಾಸ್ಪೇಸ್‌-9, ಅದರಿಂದ ಕ್ಯಾಸ್ಪೇಸ್‌-3. ಬ್ಯಾಕ್ಸ್ ಇಲ್ಲದ ಇಲಿ ಬದುಕುತ್ತದೆ, ಅದಕ್ಕೆ ಚಾಲಕ ಕೋಶಗಳೂ ಹೆಚ್ಚು. ಆದರೆ ಹಾಗೆ ಉಳಿದ ಕೋಶಗಳಲ್ಲಿ ಬಹಳಷ್ಟು ಸಣಕಲು, ಮತ್ತು ಗಂಡು ಇಲಿಗೆ ಮರಿಯಾಗುವುದಿಲ್ಲ.

ಸಾವಿನ ಕಾರಣ ಎಲ್ಲ ಪ್ರಾಣಿಯಲ್ಲೂ ಒಂದೇ ಎಂಬಂತೆಯೂ ಬರೆಯಲಾಗಿದೆ. ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಪೈಪೋಟಿ ಇಲ್ಲ, ಪಟ್ಟಿ ಇದೆ. ದ್ವಿಲಿಂಗಿ ಹುಳದಲ್ಲಿ ದೇಹಕೋಶಗಳು 1090 ಹುಟ್ಟುತ್ತವೆ, 131 ಸಾಯುತ್ತವೆ, 959 ಉಳಿಯುತ್ತವೆ. ಪ್ರತಿ ಹುಳದಲ್ಲೂ ಅವೇ 131, ಅದೇ ಹೊತ್ತಿಗೆ. ಅವುಗಳಲ್ಲಿ ಹೆಚ್ಚಿನವು ನರಕೋಶಗಳಾಗಬೇಕಿದ್ದವು. ತತ್ತಿ ಇಡಿಸುವ ಎಚ್‌ಎಸ್‌ಎನ್ ಎಂಬ ಜೋಡಿ ನರಕೋಶ ದ್ವಿಲಿಂಗಿಯಲ್ಲಿ ಉಳಿಯುತ್ತದೆ, ಗಂಡಿನಲ್ಲಿ ಸಾಯುತ್ತದೆ. ತಲೆಯ ಸಿಇಎಂ ಎಂಬ ನಾಲ್ಕು ಕೋಶಗಳು ಗಂಡಿನಲ್ಲಿ ಉಳಿಯುತ್ತವೆ, ದ್ವಿಲಿಂಗಿಯಲ್ಲಿ ಸಾಯುತ್ತವೆ. ಸೆಡ್-3 ಎಂಬ ಜೀನ್ ಕೆಟ್ಟರೆ ಈ ಸಾವುಗಳೇ ಆಗುವುದಿಲ್ಲ, ಹುಳ ಆರಾಮಾಗಿ ಇರುತ್ತದೆ. ಅಂಥ ಹುಳದಲ್ಲಿ ಗಂಟಲಿನ ಎಂ4 ನರಕೋಶವನ್ನು ಲೇಸರಿನಿಂದ ಸುಟ್ಟಾಗ, ಸಾಯಬೇಕಿದ್ದ ಅದರ ಒಡಹುಟ್ಟು ಕೋಶ ಕೆಲವು ಸಲ ಅದರ ಕೆಲಸ ಹಿಡಿದದ್ದನ್ನು 1987ರಲ್ಲಿ ತೋರಿಸಿದರು. ಅಲ್ಲೂ ‘ದೋಷವುಳ್ಳ ಕೋಶ’ ಎಂಬ ಮಾತು ನಿಲ್ಲುವುದಿಲ್ಲ. ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಸ್, ಜಾನ್ ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಸಿಕ್ಕದ್ದು ಈ ಹುಳದ ಕೆಲಸಕ್ಕೇ. ಇನ್ನು ಕಪ್ಪೆಮರಿಯ ರೋಹನ್-ಬಿಯರ್ಡ್ ಕೋಶಗಳದ್ದು ಮೂರನೇ ತರಹ: ಸಂವೇದಿ ನರಗಂಟು ತಯಾರಾಗುವ ತನಕ ಅವು ಕೆಲಸ ನಡೆಸಿ, ಆಮೇಲೆ ಸಾಯುತ್ತವೆ. ಸ್ಲ್ಯಾಬ್ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚಿದ ಹಾಗೆ.

ಲೇಖನದ ಕೊನೆಗೆ ಬಸುರಿಯರಿಗೆ ಕೊಟ್ಟ ಸಲಹೆ ಬಗ್ಗೆ ನೇರವಾಗಿಯೇ ಹೇಳುತ್ತೇವೆ. ಬಾದಾಮಿ, ಕೇಸರಿ, ಬ್ರಾಹ್ಮಿ ಟಾನಿಕ್ ತಿಂದರೆ ಕೂಸಿನ ನರಕೋಶ ಸಾಯುವುದು ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಲ್ಲಿಸಬೇಕಾದ ಸಾವೂ ಅದಲ್ಲ. ಎನ್‌ಜಿಎಫ್‌ನಂಥವು ಪ್ರೋಟೀನುಗಳು, ನುಂಗಿದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗುತ್ತವೆ. ಬಸುರಿಯಾಗುವ ಮೊದಲಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಿ ಎನ್ನುವುದು ಬೇರೆ ಕಾರಣಕ್ಕೆ: ನಾಲ್ಕನೇ ವಾರದಲ್ಲಿ, ಮುಂದೆ ಮಿದುಳು-ಮಿದುಳುಬಳ್ಳಿ ಆಗುವ ನರನಾಳ ಸರಿಯಾಗಿ ಮುಚ್ಚಿಕೊಳ್ಳಲಿ ಎಂದು. ನಿಜಕ್ಕೂ ಹೆದರಬೇಕಾದದ್ದು ಸಾಯಬಾರದ ಕೋಶ ಸಾಯುವುದಕ್ಕೆ. ಏಳು ದಿನದ ಇಲಿಮರಿಗೆ ಮದ್ಯ ಕೊಟ್ಟರೆ ಮುಂಮಿದುಳಿನಲ್ಲಿ ಇದೇ ಸಾವಿನ ಯಂತ್ರ ತಪ್ಪು ಕೋಶಗಳಲ್ಲಿ, ತಪ್ಪು ಪ್ರಮಾಣದಲ್ಲಿ ಓಡುತ್ತದೆ ಎಂದು 2000ದಲ್ಲಿ ತೋರಿಸಲಾಯಿತು. ಇಲಿಯ ಆ ವಯಸ್ಸು ಮನುಷ್ಯರಲ್ಲಿ ಬಸುರಿನ ಕೊನೆಯ ತಿಂಗಳುಗಳಿಗೆ ಹತ್ತಿರ. ಕೆಲವು ಅರಿವಳಿಕೆ ಔಷಧಗಳೂ ಪ್ರಾಣಿಗಳಲ್ಲಿ ಹೀಗೇ ಮಾಡುತ್ತವೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ತಾಸಿಗಿಂತ ಹೆಚ್ಚಿನ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಕೊಟ್ಟರು. ಹಾಗೆಂದು ಹರ್ನಿಯಾದಂಥ ಸಣ್ಣ ಶಸ್ತ್ರಚಿಕಿತ್ಸೆ ಮುಂದೂಡಬೇಡಿ: ಕೂಸಿದ್ದಾಗ ಒಂದು ತಾಸಿಗಿಂತ ಕಡಿಮೆ ಅರಿವಳಿಕೆ ಪಡೆದ ಮಕ್ಕಳನ್ನು ಐದನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ ವ್ಯತ್ಯಾಸ ಕಾಣಲಿಲ್ಲ.

‘ಇದನ್ನೆಲ್ಲ ನೋಡಲು ಕೋಟಿ ಬೆಲೆಯ ಯಂತ್ರ ಬೇಕು’ ಎಂಬ ಸಾಲಿಗೆ ಮಾತ್ರ ನಾವು ಸುಮ್ಮನಿರಲಾರೆವು. ಹ್ಯಾಂಬರ್ಗರ್ ಬಳಸಿದ್ದು ತೆಳು ಸೀಳು ಕತ್ತರಿಸುವ ಮೈಕ್ರೊಟೋಮ್, ಸಾದಾ ಸೂಕ್ಷ್ಮದರ್ಶಕ, ಕಾಗದ, ಪೆನ್ಸಿಲ್. ನಮ್ಮ ಪದವಿ ಕಾಲೇಜುಗಳಲ್ಲೂ ಆಗುವ ಕೆಲಸ. ಅಂಗಡಿಯ ಫಾರಂ ತತ್ತಿ ಬೇಡ, ಅದರಲ್ಲಿ ಭ್ರೂಣವೇ ಇರುವುದಿಲ್ಲ. ಮರಿ ಮಾಡಿಸುವ ಹ್ಯಾಚರಿಯ ತತ್ತಿ, ಇಲ್ಲವೇ ಹುಂಜ ಜೊತೆಗಿರುವ ಜವಾರಿ ಕೋಳಿಯ ತತ್ತಿ ಬೇಕು. ಕಾವಿಗೆ 37.5ರಿಂದ 38 ಡಿಗ್ರಿ, ಶೇ 55–60 ತೇವ, ದಿನಕ್ಕೆ ಮೂರು ನಾಲ್ಕು ಸಲ ಹೊರಳಿಸುವುದು. ವಿಜಯಪುರದಲ್ಲಿ ಕೆಡುವುದು ಕಾವಿಗೆ ಇಡುವ ಮೊದಲೇ. ಏಪ್ರಿಲ್-ಮೇನಲ್ಲಿ ಮೇಜಿನ ಮೇಲೆ ಎರಡು ದಿನ ಇಟ್ಟ ತತ್ತಿಯಲ್ಲಿ ಭ್ರೂಣ ತಾನಾಗಿಯೇ ಬೆಳೆಯತೊಡಗುತ್ತದೆ, ಅಥವಾ ಸೆಕೆಗೆ ಸಾಯುತ್ತದೆ. ಆಗ ‘ಆರನೇ ದಿನ’ ಎಂದು ಬರೆದುಕೊಂಡದ್ದು ಆರನೇ ದಿನವಾಗಿರುವುದಿಲ್ಲ. 15ರಿಂದ 18 ಡಿಗ್ರಿಯಲ್ಲಿ ಇಟ್ಟು ವಾರದೊಳಗೆ ಬಳಸಬೇಕು. ವಯಸ್ಸನ್ನು ಗಡಿಯಾರದಿಂದ ಅಲ್ಲ, ಕಾಲು-ರೆಕ್ಕೆಯ ಆಕಾರ ನೋಡಿ ಹ್ಯಾಂಬರ್ಗರ್-ಹ್ಯಾಮಿಲ್ಟನ್ ಹಂತಗಳಿಂದ ಗುರುತಿಸಬೇಕು.

ಭ್ರೂಣ ಹೊರತೆಗೆದ ತಕ್ಷಣ ತಲೆ, ಕರುಳು ಬೇರ್ಪಡಿಸಿ, ಕೋಶಗಳು ಕೆಡದಂತೆ ಇಡುವ ಕಾರ್ನಾಯ್ ದ್ರಾವಣಕ್ಕೆ ಹಾಕಿ: 60 ಮಿ.ಲೀ. ಶುದ್ಧ ಆಲ್ಕೊಹಾಲ್, 30 ಮಿ.ಲೀ. ಕ್ಲೋರೊಫಾರ್ಮ್, 10 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ, ಎರಡರಿಂದ ನಾಲ್ಕು ತಾಸು. ಪ್ಯಾರಾಫಿನ್‌ನಲ್ಲಿ ಕೂರಿಸಿ 10 ಮೈಕ್ರಾನಿನ ಅಡ್ಡ ಸೀಳುಗಳು, ಕ್ರೆಸಿಲ್ ವಯಲೆಟ್ ಅಥವಾ ಥಯೊನಿನ್ ಬಣ್ಣ. ಸೊಂಟದ ಮಟ್ಟದಲ್ಲಿ ಮಿದುಳುಬಳ್ಳಿಯ ಹೊಟ್ಟೆ ಬದಿಯ ಹೊರಮೂಲೆಯಲ್ಲಿ ಚಾಲಕ ಕೋಶಗಳ ಗುಂಪು ಎದ್ದು ಕಾಣುತ್ತದೆ. ಆರೋಗ್ಯದ ಕೋಶಕ್ಕೆ ತಿಳಿ ಕೇಂದ್ರ (ನ್ಯೂಕ್ಲಿಯಸ್), ಒಳಗೊಂದು ಚುಕ್ಕೆ. ಸಾಯುವ ಕೋಶ ಸಾಸಿವೆ ಕಾಳಿನ ಹಾಗೆ: ನುಣುಪಾದ, ಕಡುಬಣ್ಣದ ಒಂದೆರಡು ಗುಂಡು, ಸುತ್ತ ಖಾಲಿ ಬಳೆ. ಹತ್ತು ಸೀಳಿಗೆ ಒಂದರಂತೆ ಎಣಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿ, ಕೇಂದ್ರ ಎರಡು ಸೀಳುಗಳಲ್ಲಿ ಹಂಚಿಹೋಗುವುದಕ್ಕೆ ಅಬರ್‌ಕ್ರಾಂಬಿ ಸೂತ್ರದ ಕಡಿತ ಹಾಕಬೇಕು. ಸೀಳಿನ ದಪ್ಪ 10 ಮೈಕ್ರಾನ್, ಕೇಂದ್ರದ ವ್ಯಾಸ 6 ಆದರೆ 10 ಭಾಗಿಸು 16, ಅಂದರೆ ಎಣಿಸಿದ್ದನ್ನು 0.625ರಿಂದ ಗುಣಿಸಬೇಕು. ಇದನ್ನು ಬಿಟ್ಟರೆ ಲೆಕ್ಕ ಉಬ್ಬಿ 1.6 ಪಟ್ಟು ಆಗುತ್ತದೆ.

ಹುಡುಗರು ಮೋಸ ಹೋಗುವುದು ಮೂರು ಕಡೆ. ಕೋಳಿಯ ಕೆಂಪು ರಕ್ತಕಣಕ್ಕೆ ಕೇಂದ್ರ ಇದೆ. ಸಣ್ಣ ರಕ್ತನಾಳದಲ್ಲಿ ಸಾಲಾಗಿ ಕೂತ ಆ ಕಪ್ಪು ಚುಕ್ಕೆಗಳನ್ನೇ ಸತ್ತ ನರಕೋಶ ಎಂದು ಎಣಿಸಿಬಿಡುತ್ತಾರೆ. ವಿಭಜನೆಯಾಗುತ್ತಿರುವ ಕೋಶವೂ ಕಪ್ಪಗೆ ಕಾಣುತ್ತದೆ, ಆದರೆ ಅದು ನಡುನಾಳದ ಅಂಚಿನಲ್ಲಿರುತ್ತದೆ, ಅಂಚು ಒರಟು. ಎಲ್ಲೆಡೆ ಎಲ್ಲ ಕೋಶಗಳೂ ಕುಗ್ಗಿದ್ದರೆ ಅದು ಸಹಜ ಸಾವಲ್ಲ, ದ್ರಾವಣಕ್ಕೆ ಹಾಕಲು ತಡವಾಗಿ ಕೊಳೆತದ್ದು. ಸಹಜ ಸಾವು ಚದುರಿಕೊಂಡಿರುತ್ತದೆ, ಆರೋಗ್ಯದ ಕೋಶದ ಪಕ್ಕದಲ್ಲೇ. ಮತ್ತೆ, ಒಂದು ಸೀಳಿನಲ್ಲಿ ಸತ್ತವು ಬೆರಳೆಣಿಕೆಯಷ್ಟೇ ಸಿಕ್ಕರೆ ನಿರಾಸೆ ಬೇಡ. ನಾಲ್ಕು ದಿನದಲ್ಲಿ 8,000 ಎಂದರೆ ತಾಸಿಗೆ ಸುಮಾರು 83. ಸತ್ತ ಕೋಶವನ್ನು ನೆರೆಯವು ನುಂಗಿ ಮುಗಿಸಲು ಮೂರು ತಾಸು ಎಂದು ಹಿಡಿದರೆ ಯಾವ ಗಳಿಗೆಯಲ್ಲಿ ನೋಡಿದರೂ ಕಣ್ಣಿಗೆ ಬೀಳುವುದು 250ರ ಆಸುಪಾಸು, ನೂರಕ್ಕೆ ಒಂದೆರಡು. ಇಷ್ಟು ದೊಡ್ಡ ಸಾವು ಅಷ್ಟು ವರ್ಷ ಯಾರ ಕಣ್ಣಿಗೂ ಸರಿಯಾಗಿ ಬೀಳದೆ ಹೋದದ್ದು ಇದರಿಂದಲೇ.

ಪ್ರತಿ ವಿದ್ಯಾರ್ಥಿಯೂ ತತ್ತಿ ಒಡೆಯಬೇಕಿಲ್ಲ, ಒಡೆಯಬಾರದು ಕೂಡ. ಒಮ್ಮೆ ಸರಿಯಾಗಿ ಮಾಡಿಟ್ಟ ಸ್ಲೈಡುಗಳು ಹತ್ತಾರು ವರ್ಷ ನಡೆಯುತ್ತವೆ. ಈಗ ಕಾಲೇಜುಗಳ ಪೆಟ್ಟಿಗೆಯಲ್ಲಿರುವವು 24, 33, 48, 72, 96 ಗಂಟೆಯ ಕೋಳಿ ಭ್ರೂಣದ ಸ್ಲೈಡುಗಳು, ಹೆಚ್ಚಿನವು ಇಡೀ ಭ್ರೂಣದವು. ಅವುಗಳಲ್ಲಿ ಈ ಸಾವನ್ನು ಹುಡುಕಿ ಫಲವಿಲ್ಲ, ಚಾಲಕ ಕೋಶಗಳ ಸಾವು ಅಷ್ಟು ಹೊತ್ತಿಗೆ ಶುರುವೇ ಆಗಿರುವುದಿಲ್ಲ. ಮುಂದಿನ ಸಲ ಸ್ಲೈಡ್ ತರಿಸುವಾಗ ಆರನೇ ದಿನದ್ದು ಒಂದು, ಒಂಬತ್ತೂವರೆ ದಿನದ್ದು ಒಂದು, ಎರಡೂ ಸೊಂಟದ ಮಟ್ಟದ ಅಡ್ಡ ಸೀಳು, ಒಂದೇ ದಪ್ಪದ್ದು ಎಂದು ಆರ್ಡರಿನಲ್ಲಿ ಬರೆಯಿರಿ. ದಪ್ಪ ಬರೆಯದಿದ್ದರೆ ಎರಡನ್ನೂ ಹೋಲಿಸಿ ಎಣಿಸಲು ಬರುವುದಿಲ್ಲ.

— ವಿಜಯಪುರದ ಕೆಲವು ಪ್ರಾಣಿಶಾಸ್ತ್ರ ಅಧ್ಯಾಪಕರು